ಕಟ್ಟಿದ ಕೂಡಲೇ ಮಾರಿದ ಡಾಬು

ಖಾಸಗಿ ಆಸ್ಪತ್ರೆಯ ಆಯಾ ರಾಚವ್ವ ನಿವೃತ್ತಳಾದಳು. ಪಿಎಫ್ ದುಡ್ಡು ಕೈಗೆ ಬಂತು. ಇನ್ನು ಊಟ, ಔಷಧಿ, ಬಾಡಿಗೆ ಎಲ್ಲ ಅದರಲ್ಲೇ ಆಗಬೇಕು.

ಹೋದ ವರ್ಷ ಮಿಲ್ಲಿನಿಂದ ನಿವೃತ್ತನಾದ ಅವಳ ಅಣ್ಣ ಮಹಾರುದ್ರಪ್ಪ ಬಂಗಾರದ ಅಂಗಡಿಗೆ ಎಳೆದುಕೊಂಡು ಹೋದ.

"ಅಷ್ಟೂ ದುಡ್ಡಿಗೆ ಸೊಂಟಕ್ಕ ಒಂದು ಡಾಬು ತಗೋ. ಬಂಗಾರ ಅಂದ್ರ ದುಡ್ಡು. ನಿನಗೇನು ತಿಳೀತೈತಿ? ಸುಮ್ನ ಚೆಕ್ಕಿಗೆ ಸಹಿ ಹಾಕು."

"ಯಾವಾಗ ಬೇಕಾದ್ರೂ ಮಾರಬಹುದು, ಅವ್ವಾರ" ಎಂದ ಸಾವುಕಾರ.

ರಾಚವ್ವ ಡಾಬು ಕಟ್ಟಿಕೊಂಡು ಕನ್ನಡಿ ನೋಡಿದಳು. ಬಿಚ್ಚಿ ಸಾವುಕಾರನ ಮುಂದಿಟ್ಟಳು.

"ತಗೊಂಡೆ ಅಂತ ತಿಳೀರಿ. ಈಗ ನನಗ ಜ್ವರ ಬಂತು, ಮಾರಾಕ ಬಂದೀನಿ. ಎಷ್ಟು ಕೊಡ್ತೀರಿ?"

ಸಾವುಕಾರ ನಕ್ಕ. ಅವಳು ನಗಲಿಲ್ಲ. ಅವನು ಲೆಕ್ಕ ಹಾಕಲೇಬೇಕಾಯಿತು. ಮಜೂರಿ ಹೋಯಿತು, ವೇಸ್ಟೇಜ್ ಹೋಯಿತು, ತೆರಿಗೆ ಹೋಯಿತು, ಹರಳಿಗೆ ಬೆಲೆಯೇ ಇಲ್ಲ. ಐದರಲ್ಲಿ ಒಂದು ಪಾಲು ಮಾಯ.

"ಅಲ್ರೀ, ಜ್ವರ ಬಂದದ್ದು ನನಗ. ಡಾಬು ಯಾಕ ಸೊರಗಿತು?"

ಸಾವುಕಾರ ಪೆನ್ನು ಕೆಳಗಿಟ್ಟ. ಮಹಾರುದ್ರಪ್ಪ ಕೆಮ್ಮಿದ. "ಏ, ಅದು ಪದ್ಧತಿ. ತಗೋ ನೀ."

"ಚಂದ ಐತಿ ಅಣ್ಣಾ. ನಿನ್ನ ಪಿಎಫ್ ದುಡ್ಡಿನಾಗ ನಿನ್ನ ಹೆಂಡ್ತಿಗೆ, ನಮ್ಮ ವೈನಿಗೆ, ಒಂದು ತಗೋ."

"ಹುಚ್ಚಿ! ಅದನ್ನ ಪೋಸ್ಟಾಫೀಸಿನಾಗ ಇಟ್ಟೀನಿ. ತಿಂಗಳಾ ಬಡ್ಡಿ ಬರದಿದ್ರ ನಾ ತಿನ್ನೋದೇನು?"

ಅಂಗಡಿಯೆಲ್ಲ ನಕ್ಕಿತು. ಮಹಾರುದ್ರಪ್ಪ ನಾಲಿಗೆ ಕಚ್ಚಿಕೊಂಡ.

ರಾಚವ್ವ ಚೆಕ್ ಪುಸ್ತಕ ಚೀಲಕ್ಕೆ ಹಾಕಿ, ಹೊರಗೆ ಬಂದು ನಿರಾಳವಾಗಿ ಉಸಿರುಬಿಟ್ಟಳು. ಆಟೊ ಕರೆದವನು ಅಣ್ಣನೇ. ಎಲ್ಲಿಗೆ ಎಂದು ಡ್ರೈವರ್ ಕೇಳಿದ.

"ಪೋಸ್ಟಾಫೀಸು" ಎಂದ, ತಂಗಿಯ ಮುಖ ನೋಡದೆ.