ಗೈಡು ಸವೆದಿದೆ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಮೌನಪ್ಪಾಚಾರ್ಯರು ಮರಗೆಲಸ ಕಲಿಸುತ್ತಿದ್ದರು.

ಅಲ್ಲಿ ತಯಾರಾಗುತ್ತಿದ್ದದ್ದು ಒಂದೇ ವಸ್ತು. ಕಾಲಿನಲ್ಲಿ ಬಲವಿಲ್ಲದ ಮಕ್ಕಳು ಹಿಡಿದುಕೊಂಡು ನಡೆಯುವ ಮೂರು ಗಾಲಿಯ ಗಾಡಿ. ಆಚೆ ದಡದಲ್ಲಿ ಅಂಥ ಮಕ್ಕಳ ಶಾಲೆಯಿತ್ತು. ಗಾಡಿಗಳು ದೋಣಿಯಲ್ಲಿ ಅಲ್ಲಿಗೆ ಹೋಗುತ್ತಿದ್ದವು.

ಗಾಡಿಯ ಗಾಲಿಗಳನ್ನೂ ಪಕ್ಕದ ಬಾಗಿದ ಹಲಗೆಗಳನ್ನೂ ಬ್ಯಾಂಡ್‌ಸಾ ಯಂತ್ರದಲ್ಲಿ ಕೊಯ್ಯಬೇಕು. ಮೇಲೊಂದು ಕೆಳಗೊಂದು ಚಕ್ರ, ಅವುಗಳ ಮೇಲೆ ಉಂಗುರದ ಹಾಗೆ ಸುತ್ತುವ ಹಲ್ಲಿನ ಬ್ಲೇಡು. ಮೂವತ್ತು ವರ್ಷದಿಂದ ಆ ಯಂತ್ರದ ಮುಂದೆ ಆಚಾರ್ಯರೇ ನಿಲ್ಲುತ್ತಿದ್ದರು.

ಅವರ ಶಿಷ್ಯೆ ಸರ್ವಮಂಗಳ. ತಮ್ಮನ ಗಾಡಿಯ ಗಾಲಿ ಸೀಳಿದಾಗ ಸರಿಮಾಡಿಸಲು ಬಂದವಳು. ಆಚಾರ್ಯರು ಸರಿಮಾಡಿ ಕೊಡಲಿಲ್ಲ. ಮಾಡುವುದು ಹೇಗೆಂದು ತೋರಿಸಿ ಅರವನ್ನು ಅವಳ ಕೈಗೆ ಕೊಟ್ಟರು. ಅದಾಗಿ ಹತ್ತು ವರ್ಷ.

ಈಗ ಅವಳಿಗೆ ತೂತು ಕೊರೆಯುವುದು, ಜೋಡಿಸುವುದು, ಎಣ್ಣೆ ಹಚ್ಚುವುದು ಎಲ್ಲವೂ ಬರುತ್ತಿತ್ತು. ನೇರ ಹಲಗೆಯನ್ನೂ ಸೀಳುತ್ತಿದ್ದಳು. ಬಾಗು ಕೊಯ್ಯುವುದನ್ನು ಮಾತ್ರ ಗುರುಗಳಿಗೆ ಬಿಟ್ಟಿದ್ದಳು. ಕೊಯ್ದು ನೋಡು ಅಂತ ಅವರು ಹೇಳಿದಾಗಲೆಲ್ಲ ಏನಾದರೊಂದು ನೆಪ ತೆಗೆದು ಪಕ್ಕಕ್ಕೆ ಸರಿಯುತ್ತಿದ್ದಳು.

ಒಂದು ಬೆಳಿಗ್ಗೆ ಆಚಾರ್ಯರು ಗಾಲಿಯೊಂದನ್ನು ಕೊಯ್ಯುತ್ತಿದ್ದರು. ಬ್ಲೇಡು ಪೆನ್ಸಿಲ್ ಗೆರೆಯನ್ನು ಬಿಟ್ಟು ಒಳಗೆ ನುಗ್ಗಿತು.

ಅವರು ಯಂತ್ರ ನಿಲ್ಲಿಸಿ ಇನ್ನೊಂದು ತುಂಡು ತೆಗೆದುಕೊಂಡರು. ಅದೂ ಕೆಟ್ಟಿತು.

ಕೆಟ್ಟ ಎರಡು ಗಾಲಿಗಳನ್ನೂ ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು.

"ಯಾಕೆ ಹೀಗಾಯಿತು, ಮಂಗಳಾ?"

ಸರ್ವಮಂಗಳ ನೋಡಿದ್ದಳು. ಮರವನ್ನು ತಿರುಗಿಸುವಾಗ ಗುರುಗಳ ಎಡಗೈ ನಡುಗಿತ್ತು. ಹೆಬ್ಬೆರಳು ಬ್ಲೇಡಿನಿಂದ ಎರಡು ಬೆರಳಷ್ಟು ದೂರದಲ್ಲಿತ್ತು.

"ಗೈಡು ಸವೆದಿದೆ, ಗುರುಗಳೇ" ಅಂದಳು.

ಬ್ಲೇಡು ಅತ್ತಿತ್ತ ವಾಲದ ಹಾಗೆ ಅದರ ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ಕಬ್ಬಿಣದ ತುಂಡು ಇರುತ್ತದೆ, ಅದೇ ಗೈಡು. ಬೆನ್ನಿಗೂ ಒಂದು ಇರುತ್ತದೆ. ಅವು ನಿಜವಾಗಿಯೂ ಸ್ವಲ್ಪ ಸವೆದಿದ್ದವು. ಹಾಗಾಗಿ ಸುಳ್ಳು ಹೇಳುವುದು ಅವಳಿಗೆ ಸುಲಭವಾಯಿತು.

ಆಚಾರ್ಯರು ತಲೆಯಾಡಿಸಿದರು.

"ಹಾಗಾದರೆ ಬದಲಾಯಿಸು."

"ಯಾವುದನ್ನು ಹಾಕಲಿ?"

"ಬ್ಲೇಡನ್ನೇ ಕೇಳು" ಎಂದು ಹೇಳಿ ಅವರು ಹೊಳೆಯ ಕಡೆ ನಡೆದರು.

ಸರ್ವಮಂಗಳ ಬ್ಲೇಡನ್ನು ಕೇಳಲಿಲ್ಲ. ಪೇಟೆಗೆ ಹೋಗಿ ಅಂಗಡಿಯವನನ್ನು ಕೇಳಿದಳು. ಈಗ ಯಾರೂ ಕಬ್ಬಿಣದ ತುಂಡು ಹಾಕುವುದಿಲ್ಲ, ಎಲ್ಲರೂ ಬೇರಿಂಗಿನ ಗೈಡು ಹಾಕಿಸುತ್ತಾರೆ ಅಂತ ಅವನು ಹೇಳಿದ. ಬ್ಲೇಡಿನ ಜೊತೆ ತಾನೂ ಉರುಳುತ್ತದೆ, ಸವೆಯುವುದೇ ಇಲ್ಲ ಎಂದ. ಬೆರಳಲ್ಲಿ ತಿರುಗಿಸಿ ತೋರಿಸಿದ. ನೀರಿನಂತೆ ತಿರುಗಿತು.

ಅವಳು ಅದನ್ನೇ ತಂದು, ತನಗೆ ರೂಢಿಯಿದ್ದ ಅಗಲ ಬ್ಲೇಡಿಗೆ ಕೂರಿಸಿದಳು. ಬ್ಲೇಡು ಒಂದಿಷ್ಟೂ ಅಲ್ಲಾಡಬಾರದೆಂದು ಎರಡೂ ಕಡೆಯಿಂದ ಒತ್ತಿ ಬಿಗಿ ಮಾಡಿದಳು. ಯಂತ್ರ ಹಾಕಿದ ಕೂಡಲೇ ಬೇರಿಂಗುಗಳು ಕಿರ್ರೆಂದು ತಿರುಗತೊಡಗಿದವು.

ಆಚಾರ್ಯರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಬಂದು ಯಂತ್ರ ನಿಲ್ಲಿಸಿದರು. ಬ್ಲೇಡು ಪೂರ್ತಿ ನಿಂತ ಮೇಲೆ, ಅದರ ಬೆನ್ನನ್ನು ಮುಟ್ಟಿ ನೋಡಲು ಹೇಳಿದರು.

ಬಿಸಿಯಾಗಿತ್ತು.

"ಮರ ಕೊಯ್ದೆಯಾ?"

"ಇನ್ನೂ ಇಲ್ಲ."

"ಮತ್ತೆ ಯಾಕಿಷ್ಟು ಬೆವರಿದೆ ಇದು?"

ಅವಳು ಬೇರಿಂಗುಗಳನ್ನು ನೋಡಿದಳು. ಆಚಾರ್ಯರು ಕಾರಣ ಹೇಳದೆ ಹೊರಟರು.

ಮರುದಿನ ಅವಳು ಗೈಡುಗಳನ್ನೆಲ್ಲ ಹಿಂದಕ್ಕೆ ಸರಿಸಿ, ಬ್ಲೇಡನ್ನು ಅದರ ಪಾಡಿಗೆ ಬಿಟ್ಟು, ಮೇಲಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದಳು. ಬ್ಲೇಡು ಮೊದಲು ಸ್ವಲ್ಪ ಮುಂದಕ್ಕೆ ಜಾರಿತು. ಚಕ್ರದ ತಿರುಪನ್ನು ತುಸು ತಿರುಗಿಸಿದಳು. ಈಗ ಅದು ಚಕ್ರದ ನಡುವೆಯೇ ನಿಂತು ಸುತ್ತಿತು. ಪಕ್ಕದಲ್ಲಿ ಯಾರೂ ಹಿಡಿದಿರಲಿಲ್ಲ. ಆದರೂ ತನ್ನ ದಾರಿಯಲ್ಲೇ ಹೋಯಿತು.

ಅವಳು ಬಹಳ ಹೊತ್ತು ಚಕ್ರ ತಿರುಗಿಸುತ್ತಾ ಅದನ್ನೇ ನೋಡಿದಳು.

ಆಮೇಲೆ ಹಳೆಯ ಪಂಚಾಂಗದ ಹಾಳೆಯಿಂದ ಒಂದು ಚೂರು ಹರಿದು ಬ್ಲೇಡಿಗೂ ಗೈಡಿಗೂ ನಡುವೆ ಇಟ್ಟು, ಕಾಗದ ಸಲೀಸಾಗಿ ಜಾರುವಷ್ಟು ಜಾಗ ಬಿಟ್ಟು ತಿರುಪು ಬಿಗಿದಳು. ಬೆನ್ನಿನ ಗೈಡಿಗೂ ಹಾಗೆಯೇ ಮಾಡಿದಳು. ಯಂತ್ರ ಹಾಕಿದಾಗ ಬೇರಿಂಗುಗಳು ಸುಮ್ಮನಿದ್ದವು. ಮರ ಬಂದು ತಳ್ಳಿದಾಗ ಮಾತ್ರ ತಿರುಗಿದವು. ನೇರ ಹಲಗೆ ಬೆಣ್ಣೆಯಂತೆ ಸೀಳಿತು.

ಗುರುಗಳನ್ನು ಕರೆದು ತೋರಿಸಿದಳು. ಅವರು ಹಲಗೆಯ ಅಂಚನ್ನು ಸವರಿ, ಚೆನ್ನಾಗಿದೆ ಎಂದರು. ಗಾಲಿ ಕೊಯ್ಯುವ ಬ್ಲೇಡು ಇದಲ್ಲವಲ್ಲ ಎಂದೂ ನೆನಪಿಸಿದರು.

ಹೌದು. ಗಾಲಿಗೆ ಬೇಕಾದದ್ದು ಕಿರಿದಾದ ಬ್ಲೇಡು. ಅದನ್ನು ಹಾಕಿ ನೋಡಿದಳು. ದುಂಡನೆಯ ಬೇರಿಂಗು ಆ ಕಿರಿ ಬ್ಲೇಡನ್ನು ಒಂದು ಗೆರೆಯಷ್ಟೇ ತಾಗುತ್ತಿತ್ತು. ಬೇರಿಂಗನ್ನು ಸ್ವಲ್ಪ ಮುಂದೆ ತಂದರೆ ಹಲ್ಲುಗಳು ಅದಕ್ಕೆ ಸಿಕ್ಕಿ ಹಾಳಾಗುತ್ತವೆ, ಹಿಂದಕ್ಕೆ ಒಯ್ದರೆ ಬ್ಲೇಡು ತಿರುಚಿಕೊಳ್ಳುತ್ತದೆ. ಮೆತ್ತಗಿನದು ಬೇಕು, ಗಟ್ಟಿಯೂ ಇರಬೇಕು. ಹಲ್ಲು ತಾಗಿದರೂ ಹಲ್ಲಿಗೆ ನೋವಾಗಬಾರದು.

ಮೂರು ದಿನ ಯೋಚಿಸಿ ಗುರುಗಳ ಹತ್ತಿರ ಹೋದಳು.

"ಮರದ್ದೇ ಗೈಡು ಮಾಡಿದರೆ ಆಗುತ್ತದಾ?"

ಆಚಾರ್ಯರು ನಕ್ಕರು. ಆ ತಿಂಗಳಲ್ಲಿ ಅವರು ನಕ್ಕದ್ದು ಅದೇ ಮೊದಲು. ಎದ್ದು ಹೋಗಿ ಅಟ್ಟದಿಂದ ಒಣಗಿದ ಗಟ್ಟಿ ಕಗ್ಗಲಿ ಮರದ ತುಂಡೊಂದನ್ನು ತಂದು ಅವಳ ಮಡಿಲಿಗೆ ಹಾಕಿದರು. ಅದರ ಮೇಲಿನ ಧೂಳು ಎಷ್ಟೋ ವರ್ಷದ್ದು.

ಅವಳು ಅದನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಉಜ್ಜಿ, ಎರಡು ದಿನ ಎಣ್ಣೆಯಲ್ಲಿ ಅದ್ದಿಟ್ಟು ಕೂರಿಸಿದಳು. ಹಲ್ಲಿನ ಬುಡದವರೆಗೂ ಅವು ಬ್ಲೇಡಿನ ಮಗ್ಗುಲಲ್ಲಿ ನಿಂತವು. ಬೇಡವಾದ ಒಂದು ಹಲಗೆಯ ಮೇಲೆ ಅವಳು ಯಾರಿಗೂ ಕಾಣದಂತೆ ಸಣ್ಣದೊಂದು ಬಾಗಿನ ಗೆರೆ ಹಾಕಿ ಕೊಯ್ದಳು. ಗೆರೆ ಪೂರ್ತಿ ಅಳಿಯಲೂ ಇಲ್ಲ, ಪೂರ್ತಿ ಉಳಿಯಲೂ ಇಲ್ಲ. ಬ್ಲೇಡು ಗೆರೆಯ ದಪ್ಪದಲ್ಲಿ ಸರಿಯಾಗಿ ಅರ್ಧ ಕೊಯ್ದಿತ್ತು.

ಅವಳ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಗೈಡು ಸರಿಯಾಯಿತೆಂದರೆ ಗುರುಗಳು ಬಂದು ಯಂತ್ರದ ಮುಂದೆ ನಿಲ್ಲುತ್ತಾರೆ.

ಅವಳು ಕೊಯ್ದ ತುಂಡನ್ನು ಮರದ ಹೊಟ್ಟಿನ ಬುಟ್ಟಿಯಲ್ಲಿ ಹುಗಿದಳು. ಆಚಾರ್ಯರು ಬಂದು ಕೇಳಿದಾಗ, ಇನ್ನೂ ಕೂತಿಲ್ಲ, ಸ್ವಲ್ಪ ಉಜ್ಜಬೇಕು ಅಂದಳು. ಮರುದಿನ, ಬೆನ್ನಿನ ಬೇರಿಂಗು ಸದ್ದು ಮಾಡುತ್ತಿದೆ, ಬದಲಾಯಿಸಬೇಕು ಅಂದಳು. ಅದರ ಮರುದಿನ ಯಂತ್ರದ ಮೇಜಿನ ಕೆಳಗಿನ ಗೈಡನ್ನು ಬಿಚ್ಚಿ ಮತ್ತೆ ಕೂರಿಸುತ್ತಾ ದಿನ ಕಳೆದಳು. ಆಚಾರ್ಯರು ಪ್ರತಿ ಸಲವೂ ತಲೆಯಾಡಿಸಿ ಹೊಳೆಯ ಕಡೆ ಹೋದರು.

ಆಚೆ ದಡದಿಂದ ದೋಣಿಯವನ ಕೈಯಲ್ಲಿ ಹೇಳಿಕಳಿಸಿದ್ದರು. ಏಳು ಮಕ್ಕಳು ಗಾಡಿಗಾಗಿ ಕಾಯುತ್ತಿದ್ದಾರೆ ಎಂದು.

ಗಾಲಿ ಕೆಟ್ಟ ಹನ್ನೊಂದನೆಯ ದಿನ ಆಚಾರ್ಯರು ಕಾರ್ಯಾಗಾರಕ್ಕೆ ಬಂದವರು ಏನೂ ಕೇಳಲಿಲ್ಲ. ಗಾಲಿಯ ಗೆರೆ ಹಾಕಿದ ತುಂಡೊಂದನ್ನು ತೆಗೆದುಕೊಂಡರು. ಪಂಚೆಯನ್ನು ಮೇಲೆತ್ತಿ ಕಟ್ಟಿ ಯಂತ್ರದ ಮುಂದೆ ನಿಂತು ಸ್ವಿಚ್ ಒತ್ತಿದರು.

ಸರ್ವಮಂಗಳ ಅವರ ಪಕ್ಕಕ್ಕೆ ಬಂದು ನಿಂತಳು.

ಮೊದಲ ಕಾಲು ಸುತ್ತು ಚೆನ್ನಾಗಿಯೇ ಹೋಯಿತು. ಮೂವತ್ತು ವರ್ಷದ ಕೈ. ಅದು ಮರವನ್ನು ನೂಕುತ್ತಿದೆ ಎಂದು ಅನಿಸುತ್ತಲೇ ಇರಲಿಲ್ಲ, ಮರವೇ ತಿರುಗುತ್ತಿದೆ ಅನಿಸುತ್ತಿತ್ತು. ಅವಳು ಉಸಿರು ಬಿಟ್ಟಳು. ಆಗಲೇ ಎಡಗೈ ನಡುಗಿತು. ತುಂಡು ಜಾರಿತು. ಹೆಬ್ಬೆರಳು ಬ್ಲೇಡಿನ ಕಡೆ ಹೊರಟಿತು.

ಅವಳು ಗುರುಗಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದಳು. ಇನ್ನೊಂದು ಕೈಯಿಂದ ಸ್ವಿಚ್ ಹೊಡೆದಳು.

ಚಕ್ರಗಳು ಸ್ವಲ್ಪ ಹೊತ್ತು ತಾವಾಗಿಯೇ ಸುತ್ತಿ ಸುತ್ತಿ ನಿಂತವು. ಅವರಿಬ್ಬರೂ ಅಲ್ಲಿಯವರೆಗೆ ಅಲುಗಾಡಲಿಲ್ಲ. ಹತ್ತು ವರ್ಷದಲ್ಲಿ ಅವಳು ಗುರುಗಳ ಕೆಲಸವನ್ನು ನಡುವೆ ತಡೆದದ್ದಿರಲಿಲ್ಲ.

ಮಣಿಕಟ್ಟು ಇನ್ನೂ ಅವಳ ಕೈಯಲ್ಲೇ ಇತ್ತು. ಅದು ನಡುಗುವುದು ಅವಳಿಗೆ ತನ್ನ ಮೊಳಕೈವರೆಗೂ ತಿಳಿಯುತ್ತಿತ್ತು.

"ಗೈಡು ಸವೆದಿದೆಯಾ?" ಎಂದು ಆಚಾರ್ಯರು ಕೇಳಿದರು. ಕೋಪದಿಂದ ಕೇಳಲಿಲ್ಲ.

"ಇಲ್ಲ."

"ಮತ್ತೆ?"

"ನಿಮ್ಮ ಕೈ ನಡುಗುತ್ತಿದೆ, ಗುರುಗಳೇ."

ಹೇಳಿದ್ದೇ ತಡ, ಅವಳಿಗೆ ಅಳು ಬಂತು. ಆಚಾರ್ಯರು ಅವಳನ್ನು ಅಳಲು ಬಿಟ್ಟರು. ಪಕ್ಕದ ಮರದ ದಿಮ್ಮಿಯ ಮೇಲೆ ಕೂತು, ತಮ್ಮ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ಯಾರದೋ ಮಗುವನ್ನು ನೋಡುವ ಹಾಗೆ ನೋಡಿದರು.

ಶಿವರಾತ್ರಿಯಿಂದಲೇ ಗೊತ್ತಿತ್ತು ಎಂದರು. ಮಜ್ಜಿಗೆಯ ಲೋಟ ಹಿಡಿದಾಗ ಮೊದಲು ತಿಳಿಯಿತಂತೆ. ಅಂದಿನಿಂದ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರಂತೆ, ಯಾರೂ ಗಮನಿಸದಿರಲಿ ಅಂತ.

"ಗೊತ್ತಿದ್ದೂ ಗೈಡು ಬದಲಾಯಿಸು ಅಂದಿರಾ?"

"ನೀನೂ ಗೊತ್ತಿದ್ದೇ ಸವೆದಿದೆ ಅಂದೆಯಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಜ ಹೇಳಿದರೆ ನೀವು ಈ ಯಂತ್ರವನ್ನು ಬಿಡಬೇಕಾಗುತ್ತಿತ್ತು, ಅದನ್ನು ನನ್ನ ಬಾಯಿಂದ ಹೇಗೆ ಹೇಳಲಿ ಅಂತ ತೊದಲಿದಳು.

ಆಚಾರ್ಯರು ಮೆಲ್ಲಗೆ ಹೇಳಿದರು, ಅವಳ ಬಾಯಿಂದ ಆ ಮಾತು ಬರಲೆಂದೇ ತಾವು ಕಾಯುತ್ತಿದ್ದುದಾಗಿ. ತಾವಾಗಿ ಬಿಡಲು ಮನಸ್ಸು ಬರಲಿಲ್ಲವಂತೆ. ಬೇರೆ ಯಾರಾದರೂ ಹೇಳಿದರೆ ಸಿಟ್ಟು ಬರುತ್ತಿತ್ತು, ನೀನು ಹೇಳಿದರೆ ಬರುವುದಿಲ್ಲ ಅಂತ ಗೊತ್ತಿತ್ತು ಎಂದರು.

ನಂತರ ಎದ್ದು, ಮೊದಲೇ ನೋಡಿಟ್ಟವರಂತೆ ಹೊಟ್ಟಿನ ಬುಟ್ಟಿಯಲ್ಲಿ ಕೈ ಹಾಕಿ ಅವಳು ಹುಗಿದಿಟ್ಟ ತುಂಡನ್ನು ಹೊರತೆಗೆದರು.

ಸರ್ವಮಂಗಳ ತಲೆ ತಗ್ಗಿಸಿದಳು. ಆಚಾರ್ಯರು ಅದರ ಬಾಗಿನ ಮೇಲೆ ಹೆಬ್ಬೆರಳನ್ನು ಆ ತುದಿಯಿಂದ ಈ ತುದಿಗೆ ಓಡಿಸಿದರು.

"ಇದನ್ನು ಕೊಯ್ದವಳಿಗೆ ಏಳು ಗಾಡಿ ಯಾವ ಲೆಕ್ಕ?"

"ನನಗೆ ಭಯವಾಗುತ್ತದೆ."

"ನನಗೂ ಮೂವತ್ತು ವರ್ಷ ಭಯವಾಗುತ್ತಿತ್ತು" ಎಂದರು ಆಚಾರ್ಯರು. "ಈಚೆಗೆ ನಿಂತುಹೋಗಿತ್ತು. ಆಗಲೇ ಬಿಡಬೇಕಿತ್ತು ನಾನು."

ಅವಳು ಹೊಸ ತುಂಡೊಂದನ್ನು ತೆಗೆದುಕೊಂಡು ಯಂತ್ರದ ಮುಂದೆ ನಿಂತಳು. ಮೊದಲ ಗಾಲಿ ಕೊಯ್ಯುವಾಗ ಎರಡು ಸಲ ಹಿಂತಿರುಗಿ ನೋಡಿದಳು. ಆಚಾರ್ಯರು ಎರಡು ಸಲವೂ ಕಣ್ಣಲ್ಲೇ ಬ್ಲೇಡಿನ ಕಡೆ ತೋರಿಸಿದರು. ಎರಡನೆಯ ಗಾಲಿಗೆ ಒಂದು ಸಲ ನೋಡಿದಳು. ಮೂರನೆಯದಕ್ಕೆ ಮರೆತಳು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂದು ಗಾಲಿ ಮುಗಿದವು. ಯಂತ್ರ ನಿಲ್ಲಿಸಿ ತಿರುಗಿದಾಗ ಗುರುಗಳು ದಿಮ್ಮಿಯ ಮೇಲೆ ಇರಲಿಲ್ಲ.

ಅವರು ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಕೂತಿದ್ದರು. ಅದು ಅವಳ ಜಾಗ. ಗಾಡಿಯ ಹಿಡಿಕೆಗಳನ್ನು ಉಜ್ಜುವ ಜಾಗ. ಮಕ್ಕಳ ಅಂಗೈಗೆ ಒಂದು ಸಿಬಿರೂ ತಾಗದ ಹಾಗೆ ಇಷ್ಟು ವರ್ಷ ಅವಳೇ ಅವನ್ನು ಮರಳುಕಾಗದದಿಂದ ಉಜ್ಜುತ್ತಿದ್ದಳು. ಆ ಕೆಲಸವನ್ನು ಗುರುಗಳು ಎಂದೂ ಮಾಡಿದವರಲ್ಲ.

ಈಗ ಅವರ ಮುಂದೆ ಏಳು ಹಿಡಿಕೆಗಳಿದ್ದವು. ಒಂದನ್ನು ತೊಡೆಯ ಮೇಲಿಟ್ಟುಕೊಂಡು, ಮರಳುಕಾಗದವನ್ನು ನಡುಗುವ ಕೈಗೆ ಸುತ್ತಿಕೊಂಡಿದ್ದರು. ಅದನ್ನು ನೋಡಿ ಅವಳು ಓಡಿಬಂದು ಎದುರಿಗೆ ಕೂತಳು. ಗುರುಗಳೇ ಬಿಡಿ, ನೀವು ಇದನ್ನೆಲ್ಲ ಮಾಡಬಾರದು ಅಂದಳು.

ಆಚಾರ್ಯರು ಹಿಡಿಕೆಯನ್ನು ಬಿಡಲಿಲ್ಲ. ಅವಳ ಕೈ ಹಿಡಿದು ಅದರ ಮೇಲಿಟ್ಟು ಕೇಳಿದರು.

"ಎಷ್ಟು ನುಣುಪಾಗಬೇಕು, ಮಂಗಳಾ? ನನಗೆ ಹೇಳಿಕೊಡು."