ಬಟ್ಟೆ ಸವೆಸಿದವರ ಮನೆಯ ಬಿನ್ನಹ

ಬಳ್ಳಾರಿಯ ಹೊರಗೆ, ಹಗರಿ ಹೊಳೆಯ ದಂಡೆಯಲ್ಲಿ, ಬೇವಿನ ಮರದ ಕೆಳಗೆ ಒಂದು ಮಣ್ಣಿನ ಕಟ್ಟೆ. ಮೇಲೆ ತಗಡು, ಪಕ್ಕದಲ್ಲಿ ನೀರಿನ ಮಡಕೆ. ಪರಮಪೂಜ್ಯ ಚೆನ್ನವೀರ ತಾತನವರ ಮಠವೆಂದರೆ ಇಷ್ಟೇ. ಮೈಮೇಲೆ ಒಂದೇ ನಿಲುವಂಗಿ. ತೇಪೆಯ ಮೇಲೆ ತೇಪೆ ಬಂದು ಅದರ ಮೂಲ ಬಟ್ಟೆ ಯಾವುದೆಂದು ಅವರಿಗೇ ತಿಳಿಯದಂತಾಗಿತ್ತು. ಒಂದು ತೇಪೆ ಗಾರೆ ಕೆಲಸದವರೊಬ್ಬರ ಪಂಚೆಯದು, ಇನ್ನೊಂದು ಸೂಲಗಿತ್ತಿಯೊಬ್ಬರ ಸೀರೆಯದು. ದುಡಿದು ಹಣ್ಣಾದ ಬಟ್ಟೆಯ ತುಣುಕನ್ನು ಯಾರೇ ಕೊಡಲಿ, ಕಣ್ಣಿಗೊತ್ತಿಕೊಂಡು ಹಚ್ಚಿಕೊಳ್ಳುತ್ತಿದ್ದರು. ಹೊಸ ಶಾಲು ಹೊದಿಸಲು ಬಂದವರನ್ನು ನಗುನಗುತ್ತಲೇ ಹಿಂದಕ್ಕೆ ಕಳಿಸುತ್ತಿದ್ದರು. ಹೀಗಾಗಿ ಜನರ ಬಾಯಲ್ಲಿ ಅವರು ತೇಪೆತಾತನವರು.

ದಿನಕ್ಕೊಂದೇ ಪ್ರಸಾದ, ಅದೂ ಹೊತ್ತು ಮುಳುಗುವ ಮೊದಲು. ತಪ್ಪಿದರೆ ಮರುದಿನದವರೆಗೆ ಬರೀ ನೀರು. ವರ್ಷಕ್ಕೊಮ್ಮೆ, ಶ್ರಾವಣದ ಕಡೆಯ ಸೋಮವಾರ, ಊರೊಳಗೆ ದಯಮಾಡಿಸಿ ಯಾರಾದರೊಬ್ಬ ಭಕ್ತರ ಮನೆಯಲ್ಲಿ ಬಿನ್ನಹಕ್ಕೆ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದರು.

ಆ ಮನೆ ತಮ್ಮದಾಗಲಿ ಎಂದು ಹಂಬಲಿಸುತ್ತಿದ್ದವರು ಸುಮಂಗಳಮ್ಮನವರು, ಅದಿರು ಸಾಗಿಸುವ ಲಾರಿಗಳ ಮಾಲೀಕರಾದ ಪಂಪನಗೌಡರ ಧರ್ಮಪತ್ನಿ. ಪ್ರತಿ ಶ್ರಾವಣದಲ್ಲೂ ತೋರಣ ಕಟ್ಟಿ, ಆರತಿ ಹಿಡಿದು ನಿಲ್ಲುವುದು. ತಾತನವರು ಕೈಯೆತ್ತಿ ಹರಸಿ ಮುಂದೆ ಸಾಗುವುದು. ಅವರ ಅತ್ತೆಯವರು ಇದೇ ಆಸೆಯನ್ನು ಹೊತ್ತುಕೊಂಡೇ ಲಿಂಗೈಕ್ಯರಾಗಿದ್ದರು. ಈಗ ತಾತನವರಿಗೂ ಎಂಬತ್ತು ದಾಟಿತ್ತು. ಆ ಬೇಸಿಗೆಯಲ್ಲಿ ಕಣ್ಣು ಕತ್ತಲಿಟ್ಟು ಕಟ್ಟೆಯ ಮೇಲೆ ಕುಸಿದಿದ್ದರು. ಮುಂದಿನ ಶ್ರಾವಣ ಯಾರು ಕಂಡವರು ಎಂದು ಸುಮಂಗಳಮ್ಮನವರ ಜೀವ ಚಡಪಡಿಸುತ್ತಿತ್ತು.

ಹಾಗಿರುವಾಗ ಒಂದು ಸುದ್ದಿ ಬಂತು. ಕಟ್ಟೆಯ ಬಳಿ ಯಾರೋ ಕೇಳಿದರಂತೆ, "ತಾತ, ಈ ವರ್ಷ ಬಿನ್ನಹ ಯಾರ ಮನ್ಯಾಗ?" ತಾತನವರು ಅಂದರಂತೆ, "ಬಟ್ಟೆ ಸವೆಸಿದೋರ ಮನ್ಯಾಗ."

ಅಷ್ಟು ಸಾಕಾಯಿತು, ದೊಡ್ಡ ಮನೆಗಳ ಬೀದಿಯಲ್ಲಿ ಗುಲ್ಲೋ ಗುಲ್ಲು! ಸವೆದ ಬಟ್ಟೆ ಎಲ್ಲಿಂದ ತರುವುದು? ಅವರ ಬೀರುಗಳಲ್ಲಿದ್ದವೆಲ್ಲ ಒಂದೆರಡು ಸಲ ಉಟ್ಟು ಮಡಿಸಿಟ್ಟವು. ದಾರಿ ತೋರಿಸಿದವಳು ಸುಮಂಗಳಮ್ಮನವರ ಸೊಸೆ ಸ್ಫೂರ್ತಿ. "ಅತ್ತೆ, ಅದಕ್ಯಾಕೆ ಅಷ್ಟು ಚಿಂತಿ? ಮುಂಬಯಿಯಾಗ ಒಂದು ಅಂಗಡಿ ಐತಿ. ಹರಿದಿದ್ದು, ಮಾಸಿದ್ದು, ತೇಪೆ ಹಚ್ಚಿದ್ದು, ಎಲ್ಲಾ ಹೊಸಾದೇ ಸಿಗತಾವ. ಸಿನಿಮಾದೋರು ತಗೊಳ್ಳೋದು ಅಲ್ಲೇ."

ಪೆಟ್ಟಿಗೆ ಬಂತು. ಗೌಡರಿಗೆ ಮೊಣಕಾಲಲ್ಲಿ ನೂಲುನೂಲಾಗಿ ಬಿಚ್ಚಿದ ಜೀನ್ಸ್ ಪ್ಯಾಂಟು. ಸುಮಂಗಳಮ್ಮನವರಿಗೆ ಅಂಚು ಬಿಚ್ಚಿದ, ಸೆರಗಿಗೆ ತೇಪೆ ಹಚ್ಚಿದ, ಬಣ್ಣ ಹೋದ ಸೀರೆ. ಬೆಲೆ ಕೇಳಿ ಗೌಡರು ಕನ್ನಡಕ ತೆಗೆದು ಒರೆಸಿಕೊಂಡರು. "ಇದ್ದ ಪ್ಯಾಂಟನ್ನೇ ಮೊಳಿಗೆ ಸಿಗಿಸಿದ್ರ ಆಗತಿರಲಿಲ್ಲೇನು?"

"ಮಾವ, ಅದು ಹರಿದಿದ್ದಾಗತೈತಿ. ಇದು ಹರಿಸಿದ್ದು" ಎಂದಳು ಸೊಸೆ. ವ್ಯತ್ಯಾಸ ಗೌಡರಿಗೆ ಹೊಳೆಯಲಿಲ್ಲ, ಆದರೂ ತೊಟ್ಟುಕೊಂಡರು.

ಸೋಮವಾರದ ಬೆಳಗು ಆ ಬೀದಿಯನ್ನು ನೋಡಬೇಕಿತ್ತು! ಅಮೃತಶಿಲೆಯ ಮೆಟ್ಟಿಲುಗಳ ಮೇಲೆಲ್ಲ ಹರಕು ಬಟ್ಟೆಯ ಶ್ರೀಮಂತರು. ಸುಮಂಗಳಮ್ಮನವರು ತಾಳಿಯೊಂದನ್ನು ಬಿಟ್ಟು ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿಟ್ಟಿದ್ದರು. ಸೊಪ್ಪು ಮಾರುವ ಅಜ್ಜಿ ಗಾಬರಿಯಿಂದ ಬುಟ್ಟಿ ಇಳಿಸಿ, "ಏನಾತ್ರೀ ಗೌಡ್ರ, ವ್ಯಾಪಾರ ಗೀಪಾರ ಮುಳುಗಿತೇನು?" ಎಂದು ಕೇಳಿ, ಒಂದು ಕಟ್ಟು ಮೆಂತ್ಯವನ್ನು ಸುಮ್ಮನೆ ಇಟ್ಟುಹೋದಳು.

ಮಧ್ಯಾಹ್ನದ ಹೊತ್ತಿಗೆ ತಾತನವರು ಬೀದಿಗೆ ದಯಮಾಡಿಸಿದರು. ಒಂದೊಂದೇ ಬಾಗಿಲು ದಾಟಿ ಬಂದರು. ಗೌಡರ ಮನೆಯ ಮುಂದೆ ನಿಂತರು! ಸುಮಂಗಳಮ್ಮನವರು ಆರತಿ ಬೆಳಗಿದರು. ಬೆಳಗಿನಿಂದ ಅವರು ನೀರು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ತಾತನವರು ಉಣ್ಣುವ ಮೊದಲು ತಾವು ಉಣ್ಣಬಾರದೆಂದು ನೇಮ.

ತಾತನವರು ಗೌಡರ ಮುಂದೆ ಬಾಗಿದರು. ಪ್ಯಾಂಟಿನ ಮೊಣಕಾಲಿನ ಮೇಲೆ, ನೂಲು ಬಿಚ್ಚಿದ ಜಾಗದಲ್ಲಿ, ಎಳೆಗೂಸಿನ ತಲೆ ಸವರುವಂತೆ ಅಂಗೈಯಿಟ್ಟು ಸವರಿದರು.

"ಯಾರಪ್ಪಾ ಇದನ್ನ ಸವೆಸಿದೋರು?"

ಗೌಡರು ಹೆಂಡತಿಯ ಕಡೆ ನೋಡಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಸುಮಂಗಳಮ್ಮನವರೇ ತಲೆ ತಗ್ಗಿಸಿ ಹೇಳಿದರು, "ಕೊಂಡು ತಂದಿದ್ದು ತಾತ."

"ಕೊಂಡೋರು ನೀವು. ಸವೆಸಿದೋರು ಒಬ್ರು ಇರಬೇಕಲ್ಲವ್ವ? ಅವ್ರನ್ನ ಕರಕೊಂಡು ಬಾ. ಅವ್ರ ಕೂಡ ಉಣ್ತೀನಿ."

ಅಷ್ಟು ಹೇಳಿ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಕಣ್ಣು ಮುಚ್ಚಿದರು. ಹಾಲು, ಹಣ್ಣು ಬಂದವು. ಮುಟ್ಟಲಿಲ್ಲ.

ಅಯ್ಯೋ ಶಿವನೇ! ಬಿನ್ನಹ ಕೈತಪ್ಪುವುದಿರಲಿ, ಎಂಬತ್ತು ದಾಟಿದ ಆ ಪುಣ್ಯಾತ್ಮರು ತಮ್ಮ ಬಾಗಿಲಲ್ಲೇ ಉಪವಾಸ ಬೀಳುವುದೇ? ಹೊತ್ತು ಆಗಲೇ ನೆತ್ತಿ ದಾಟಿತ್ತು. ಸ್ಫೂರ್ತಿ ಮುಂಬಯಿಗೆ ಫೋನು ಹಚ್ಚಿದಳು. ಅಂಗಡಿಯವರು ಸಗಟು ವ್ಯಾಪಾರಿಯ ಕಡೆ ಕೈ ತೋರಿಸಿದರು. ಸಗಟು ವ್ಯಾಪಾರಿ, "ನಮ್ಮದು ಮಾರೋದಷ್ಟೇ, ಸವೆಸೋದು ಬೇರೆ ಊರಲ್ಲಿ" ಎಂದ. ಯಾವ ಊರು? ಮನೆಮಂದಿಯೆಲ್ಲ ಫೋನಿನ ಸುತ್ತ ಮುತ್ತಿಕೊಂಡರು.

"ಬಳ್ಳಾರಿ ಅಂತ, ಮೇಡಂ. ಕರ್ನಾಟಕದ ಕಡೆ ಎಲ್ಲೋ ಬರುತ್ತೆ."

ವಿಳಾಸ ಕೇಳಿದರೆ, ರೈಲು ಹಳಿಯ ಆಚೆ, ಗೌಡರದೇ ಲಾರಿಗಳು ನಿಲ್ಲುವ ಬಯಲಿನ ಹಿಂದಿನ ಓಣಿ! ಗೌಡರನ್ನು ತಾತನವರ ಬಳಿ ಕೂರಿಸಿ, ಸುಮಂಗಳಮ್ಮನವರು ಬರಿಗಾಲಲ್ಲೇ ಕಾರು ಹತ್ತಿದರು. ಕಾರು ಓಣಿಯ ಬಾಯಲ್ಲೇ ನಿಂತಿತು, ಮುಂದೆ ದಾರಿ ಕಿರಿದು. ಇಳಿದು ಓಡಿದರು. ಶ್ರಾವಣವಾದರೇನು, ಬಳ್ಳಾರಿಯ ಬಿಸಿಲಿಗೆ ಪಂಚಾಂಗ ಗೊತ್ತಿಲ್ಲ. ಅಂಗಾಲು ಸುಡುತ್ತಿತ್ತು, ಬಿಚ್ಚಿದ ಅಂಚು ಕಾಲಿಗೆ ತೊಡರುತ್ತಿತ್ತು.

ತಗಡಿನ ಶೆಡ್ಡಿನೊಳಗೆ ಹೆಂಗಸರು ಗೋಣಿಚೀಲದ ಮೇಲೆ ಸಾಲಾಗಿ ಕುಳಿತಿದ್ದರು. ಒಬ್ಬೊಬ್ಬರ ಮುಂದೆಯೂ ಹಲಗೆಗೆ ಎಳೆದು ಕಟ್ಟಿದ ಹೊಚ್ಚಹೊಸ ಪ್ಯಾಂಟು. ಅದರ ಮೊಣಕಾಲನ್ನು ಮರ ನುಣುಪು ಮಾಡುವ ಉಪ್ಪುಕಾಗದದಿಂದ ಗಸಗಸ ತಿಕ್ಕುತ್ತಿದ್ದರು. ಹುಬ್ಬು, ರೆಪ್ಪೆ, ಕೈ, ಎಲ್ಲದರ ಮೇಲೂ ನೀಲಿ ಧೂಳು. ಕೆಮ್ಮುವುದು, ತಿಕ್ಕುವುದು, ಮತ್ತೆ ಕೆಮ್ಮುವುದು. ಸುಮಂಗಳಮ್ಮನವರು ಬಾಗಿಲಿನ ಕಂಬ ಹಿಡಿದು ನಿಂತರು, ಕಣ್ಣು ಕತ್ತಲಿಟ್ಟಿತು.

ಹುಲಿಗೆಮ್ಮ ಎಂಬ ತಾಯಿ ತಲೆಯೆತ್ತಿ ನೋಡಿದರು. ಬರಿಗಾಲು, ತಾಳಿಯೊಂದೇ ಇದ್ದ ಕೊರಳು, ಹರಿದ ಸೆರಗು. ಕೈಯ ಕೆಲಸ ಬಿಟ್ಟು ಎದ್ದುಬಂದರು.

"ಯಾಕಬೇ ಯಕ್ಕ, ಕೆಲಸ ಕೇಳಾಕ ಬಂದೀಯೇನು? ಕೂಡ್ರು ಮೊದಲ. ಮುಖ ನೋಡಿದ್ರ ಉಂಡಂಗ ಕಾಣವಲ್ದು."

ಸುಮಂಗಳಮ್ಮನವರು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ತಮ್ಮ ಬುತ್ತಿ ಬಿಚ್ಚಿ, ಇದ್ದ ಜೋಳದ ರೊಟ್ಟಿಯನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ ಅವರ ಅಂಗೈಯಲ್ಲಿಟ್ಟರು. ಹೆಗಲ ಮೇಲಿನ ಟವೆಲ್ಲು ತೆಗೆದು, ಹರಿದ ಸೆರಗು ಮುಚ್ಚುವಂತೆ ಹೊದಿಸಿದರು. "ನಾಚಿಕೋಬ್ಯಾಡ. ನಾವೂ ಹಿಂಗ ಬಂದೋರ."

ನೇಮ ನೆನಪಾಯಿತು. ಆದರೆ ಆ ರೊಟ್ಟಿಯನ್ನು ಬೇಡವೆನ್ನುವ ಧೈರ್ಯ ಸುಮಂಗಳಮ್ಮನವರಿಗೆ ಬರಲಿಲ್ಲ. ಬಡತನದ ವೇಷ ಕೊಂಡುಕೊಂಡವರಿಗೆ ಬಡತನವೇ ಎದ್ದುಬಂದು ಊಟ ಬಡಿಸಿತ್ತು. ಅವರು ರೊಟ್ಟಿ ತಿಂದರು. ತಿನ್ನುತ್ತಲೇ ಬಿಕ್ಕಿ ಬಿಕ್ಕಿ ಅತ್ತರು, ಅಳುತ್ತಲೇ ನಡೆದದ್ದನ್ನೆಲ್ಲ ಹೇಳಿದರು.

ತಾವು ಟವೆಲ್ಲು ಹೊದಿಸಿದ್ದು ಯಾರಿಗೆಂದು ತಿಳಿದು ಹುಲಿಗೆಮ್ಮ ನಾಲಿಗೆ ಕಚ್ಚಿಕೊಂಡರು. ಮರುಕ್ಷಣವೇ ಅದೆಲ್ಲ ಮರೆತುಹೋಯಿತು. "ಏನಂದ್ರಿ? ತಾತ ಹಸಕೊಂಡು ಕುಂತಾರ?" ಗಸಗಸ ಸದ್ದು ನಿಂತೇಹೋಯಿತು. ಯಾವ ಪ್ಯಾಂಟು ಯಾರು ಸವೆಸಿದ್ದೆಂದು ಹೇಳುವುದು ಹೇಗೆ? ಎಲ್ಲರೂ ಎದ್ದರು! ಮೇಸ್ತ್ರಿ ಅಡ್ಡ ಬರುತ್ತಾನೆಂದುಕೊಂಡರೆ, ಅವನೇ ಬಾಗಿಲು ಎಳೆದು ಬೀಗ ಹಾಕಿದ. "ನಡೀರಿ ನಡೀರಿ, ಹೊತ್ತು ಇಳಿಯಾಕ ಹತ್ತೈತಿ!"

ರೈಲು ಹಳಿ ದಾಟಿ, ಪೇಟೆಯ ನಡುವೆ, ನೀಲಿ ಕೈಗಳ ಆ ಮೆರವಣಿಗೆ ಬೀಸುಗಾಲಲ್ಲಿ ಹೊರಟಿತು. ಕಾರು ಖಾಲಿಯಾಗಿ ಹಿಂದೆ ಬಂತು. ಸುಮಂಗಳಮ್ಮನವರು ಅದನ್ನು ಹತ್ತಲಿಲ್ಲ. ಅಂಗಡಿಯವರು ಎದ್ದು ನಿಂತು ನೋಡಿದರು, ವಿಷಯ ತಿಳಿದವರು ತಾವೂ ಸೇರಿಕೊಂಡರು. ಬೀದಿ ಮುಟ್ಟಿದಾಗ ಸಂಜೆಯ ಬಿಸಿಲು ಮನೆಗಳ ನೆತ್ತಿಗೇರಿತ್ತು.

ತಾತನವರು ಕಣ್ಣು ತೆರೆದು ಎದ್ದು ನಿಂತರು. ಹುಲಿಗೆಮ್ಮನವರ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಬೆರಳ ತುದಿಗಳಲ್ಲಿ ಗೆರೆಯೆಂಬುದೇ ಉಳಿದಿರಲಿಲ್ಲ, ನುಣ್ಣಗೆ ತೇದುಹೋಗಿದ್ದವು. ಆ ಕೈಯನ್ನು ಸುಮಂಗಳಮ್ಮನವರ ಕಡೆ ತಿರುಗಿಸಿ ಹಿಡಿದರು.

"ನೋಡವ್ವ. ಸವೆದದ್ದು ಇಲ್ಲಿ."

ಆಮೇಲೆ ಹುಲಿಗೆಮ್ಮನವರನ್ನು ಕೇಳಿದರು, "ಎಲ್ಲಿ ಉಣ್ಣೋಣವ್ವ? ನೀ ಹೇಳಿದಲ್ಲಿ."

ಸುಮಂಗಳಮ್ಮನವರು ಹುಲಿಗೆಮ್ಮನವರ ಮುಖವನ್ನೇ ನೋಡಿದರು. ಅತ್ತೆಯವರ ಆಸೆ, ತಮ್ಮ ಆಸೆ, ಎಲ್ಲವೂ ಈಗ ಈ ತಾಯಿಯ ನಾಲಿಗೆಯ ಮೇಲಿತ್ತು.

"ಇಲ್ಲೇ ತಾತ" ಎಂದರು ಹುಲಿಗೆಮ್ಮ. "ಈ ಯಕ್ಕ ನನ್ನ ರೊಟ್ಟಿ ಉಂಡಾಳ. ಇನ್ನ ಆಕಿ ಮನಿ ಬ್ಯಾರೆ, ನನ್ನ ಮನಿ ಬ್ಯಾರೆ ಏನು?"

ತಾತನವರು ಮಗುವಿನಂತೆ ನಕ್ಕರು. ಹುಲಿಗೆಮ್ಮನವರನ್ನು ಮುಂದೆ ಬಿಟ್ಟು, ಅವರ ಹಿಂದೆ ಹೊಸ್ತಿಲು ದಾಟಿದರು. ಸೂರ್ಯ ಮುಳುಗುವ ಮೊದಲು ಪಂಕ್ತಿ ಕುಳಿತಿತು. ಮೊದಲ ತುತ್ತು ತಾತನವರ ಬಾಯಿ ಸೇರಿದಾಗ ಬಾಗಿಲ ಹೊರಗೆ ನಿಂತವರೂ ಜಯಕಾರ ಹಾಕಿದರು.

ಹೊರಡುವ ಹೊತ್ತಿಗೆ ಸುಮಂಗಳಮ್ಮನವರು ತಮ್ಮ ಸೆರಗಿನ ತುದಿ ಹರಿದು, ಎರಡೂ ಕೈಯಲ್ಲಿ ಹಿಡಿದು, ನಿಲುವಂಗಿಗೆ ಒಂದು ತೇಪೆಯಾಗಲಿ ಎಂದು ಬೇಡಿಕೊಂಡರು. ತಾತನವರು ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ಅವರ ಕೈಗೇ ಮರಳಿಸಿದರು.

"ಇದಿನ್ನೂ ಸವೆದಿಲ್ಲವ್ವ. ಸವೆಸಿ ಕೊಡು."

ಮರುದಿನದಿಂದ ಮಧ್ಯಾಹ್ನವಾದರೆ ಆ ಶೆಡ್ಡಿನ ಹೊರಗೆ ಒಲೆ ಹೊತ್ತಿಕೊಳ್ಳತೊಡಗಿತು. ಗೌಡರು ಧೂಳು ಎಳೆಯುವ ದೊಡ್ಡ ಫ್ಯಾನು ಹಾಕಿಸಿದರು, ಕೈಗವಸು, ಮೂಗುಬಟ್ಟೆ ತರಿಸಿದರು. ಅಡುಗೆ ಮಾತ್ರ ಸುಮಂಗಳಮ್ಮನವರದೇ, ಸೀರೆಯೂ ಅದೇ. ಒಗೆದದ್ದು, ಒಣಗಿಸಿದ್ದು, ಉಟ್ಟದ್ದು.

ಭಕ್ತರ ಪುಣ್ಯ, ತಾತನವರು ಮುಂದಿನ ಶ್ರಾವಣವನ್ನೂ ಕಂಡರು. ಆ ಸೋಮವಾರ ಅವರು ನೆಟ್ಟಗೆ ಆ ಓಣಿಗೇ ಬಂದಾಗ ಸುಮಂಗಳಮ್ಮನವರು ಸೌಟು ಹಿಡಿದು ಬಡಿಸುವ ಗಡಿಬಿಡಿಯಲ್ಲಿದ್ದರು, ನೋಡಲೇ ಇಲ್ಲ. ಸೆರಗಿನ ತುಂಬ ಅರಿಸಿನದ ಕಲೆ, ಕಿಡಿ ಹಾರಿ ಬಿದ್ದ ತೂತುಗಳು. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳುವಾಗಿತ್ತು. ತಾತನವರು ಹಿಂದಿನಿಂದ ಬಂದು ಆ ಸೆರಗನ್ನು ಮೆಲ್ಲಗೆ ಮುಟ್ಟಿ ನೋಡಿದರು. ಕೈ ನೀಡಿ ನಿಂತರು.

ಸುಮಂಗಳಮ್ಮನವರು ಸೌಟು ಕೆಳಗಿಟ್ಟು, ಸೆರಗಿನ ತುದಿ ಎಳೆದರು. ಈ ಸಲ ಅದು ಎಳೆದ ಕೂಡಲೇ ಬಂತು. ತಾತನವರು ಆ ತುಣುಕನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.