ಬಂಡೆಯ ಮೇಲೆ ಸುರಿದ ತಿನ್ನರ್

“ಗುರುಗಳೇ, ಕಣ್ಣಿಗೆ ಕಾಣದಂತೆ, ಮೂಗಿಗೆ ತಿಳಿಯದಂತೆ ಹೋದದ್ದನ್ನು ಇಲ್ಲವಾಯಿತು ಎಂದುಕೊಳ್ಳಬಹುದೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುವವನೊಬ್ಬನಿದ್ದ. ಬೆಳಗಿನ ಕೆಲಸ ಮುಗಿದ ಮೇಲೆ, ಬಣ್ಣ ಸಿಂಪಡಿಸುವ ಗನ್ನು ತೊಳೆದ, ಬಣ್ಣ ಕರಗಿಸುವ ತಿನ್ನರ್ ಒಂದು ಬಕೆಟ್ ಉಳಿಯುತ್ತಿತ್ತು. ಮೊದಮೊದಲು ಅದನ್ನು ಚರಂಡಿಗೆ ಚೆಲ್ಲುತ್ತಿದ್ದ. ಅದು ಕೆರೆ ಸೇರಿ ಮೀನು ಸತ್ತಾಗ ಜನ ಬಂದು ಬೈದರು. ಅವನು ಕೆಟ್ಟವನಲ್ಲ, ನಾಚಿಕೊಂಡ. ಅಂದಿನಿಂದ ಅಂಗಳದ ಕಾದ ಬಂಡೆಯ ಮೇಲೆ ಸುರಿಯತೊಡಗಿದ. ನೋಡನೋಡುತ್ತಲೇ ಬಂಡೆ ಒಣಗುತ್ತಿತ್ತು. ಊಟ ಮಾಡಿ ಬರುವಷ್ಟರಲ್ಲಿ ವಾಸನೆಯೂ ಇರುತ್ತಿರಲಿಲ್ಲ. ಸಾಲಿನಲ್ಲಿದ್ದ ನಲವತ್ತು ಶೆಡ್ಡಿನವರನ್ನು ಕರೆದು ತೋರಿಸಿದ. ಯಾರಿಗೂ ತೊಂದರೆಯಿಲ್ಲದ ದಾರಿ ಎಂದು ಹೊಗಳಿ ಅವರೂ ಹಾಗೆಯೇ ಮಾಡಿದರು.

ಅವನ ಹೆಂಡತಿಗೆ ಸಣ್ಣಗೆ ಉಬ್ಬಸವಿತ್ತು. ಚೊಚ್ಚಲ ಬಸುರಿ. ಬಣ್ಣದ ವಾಸನೆಯಿಂದ ದೂರವಿರಲಿ ಎಂದು, ಏಳು ತುಂಬುವ ಮೊದಲೇ ಅವಳನ್ನು ತವರಿಗೆ ಕಳಿಸಿದ. ತವರು ಪೇಟೆಯಿಂದ ಮೂಡಲಿಗೆ ಆರು ಹರಿದಾರಿ. ಅಲ್ಲಿ ಹೊಲ ಬಿಟ್ಟರೆ ಆಕಾಶ.

ತಿಂಗಳ ಮೇಲೆ ನೋಡಲು ಹೋದ. ಉಬ್ಬಸ ಇಮ್ಮಡಿಯಾಗಿತ್ತು. ಬೆಳಿಗ್ಗೆ ಚೆನ್ನಾಗಿರುತ್ತಿದ್ದಳು. ಮಧ್ಯಾಹ್ನ ತಿರುಗುತ್ತಲೇ ಎದೆ ಕಟ್ಟುತ್ತಿತ್ತು. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಸಡಿಲವಾಗುತ್ತಿತ್ತು. ಮೋಡ ಕವಿದ ದಿನ ಏನೂ ಇರುತ್ತಿರಲಿಲ್ಲವಂತೆ. ಪೇಟೆಯ ಹೊಗೆ ಕುಡಿದು ರೂಢಿಯಾದವಳಿಗೆ ನಮ್ಮ ಗಾಳಿ ಹಿಡಿಸಬೇಕಲ್ಲ ಅಳಿಯಂದಿರೇ ಎಂದು ಅತ್ತೆ ಕುಟುಕಿದಳು. ಅವನು ಹಿತ್ತಿಲಿಗೆ ಹೋದ. ಅವರೆಯ ಎಲೆಗಳ ಮೇಲೆಲ್ಲ ಕಂದು ಚುಕ್ಕೆ ಬಿದ್ದಿದ್ದವು. ಗಾಳಿಯನ್ನು ಮೂಸಿದ. ಏನೂ ಇರಲಿಲ್ಲ. ಏನೂ ಇಲ್ಲದ್ದಕ್ಕೇ ಅವನಿಗೆ ಹೆದರಿಕೆಯಾಯಿತು.

ಆ ಊರಿನ ಶಾಲೆಯ ಮಾಳಿಗೆಯ ಮೇಲೆ, ಗಾಳಿಯ ಕೊಳೆ ಅಳೆಯುವವಳೊಬ್ಬಳು ಯಂತ್ರ ಇಟ್ಟಿದ್ದಳು. ಅವನು ಹೋಗಿ ಅವಳನ್ನು ಕೇಳಿದ.

“ಅಣ್ಣಾ, ಗಾಳಿ ನಿಮ್ಮ ಪೇಟೆಯಿಂದ ಪೆಟ್ರೋಲು, ತಿನ್ನರಿನ ಆವಿ ಹೊತ್ತು ಹೊರಡುತ್ತದೆ. ದಾರಿಯಲ್ಲಿ ಬಿಸಿಲು ಅದನ್ನು ಗಾಡಿಗಳ ಹೊಗೆಯ ಜೊತೆ ಬೇಯಿಸುತ್ತದೆ. ಆವಿ ಮುರಿಯುತ್ತದೆ, ಎಲೆ ಸುಡುವ, ಎದೆ ಕಟ್ಟಿಸುವ ಓಝೋನ್ ಅನಿಲ ಹುಟ್ಟುತ್ತದೆ. ಇಲ್ಲಿಗೆ ಬರುವ ಹೊತ್ತಿಗೆ ಅದಕ್ಕೆ ಹಳೆಯ ವಾಸನೆ ಇರುವುದಿಲ್ಲ, ಹಲ್ಲು ಬಂದಿರುತ್ತದೆ” ಎಂದಳು.

ಪೇಟೆಗಿಂತ ಇಲ್ಲೇ ಹೆಚ್ಚೋ ಎಂದು ಕೇಳಿದ. ಬಿಸಿಲಿನ ದಿನ ಹೌದು ಎಂದಳು.

ಹೆಂಡತಿಯನ್ನು ಆಗಲೇ ಕರೆದೊಯ್ಯಲು ನೋಡಿದ. ಊರಿನ ದಾದಿ ತಡೆದಳು. ಈ ಎದೆ, ಈ ಹೊಟ್ಟೆ ಇಟ್ಟುಕೊಂಡು ಬಸ್ಸಿನ ಕುಲುಕಾಟ ತಾಳಲಾರಳು, ಹೆರಿಗೆಯಾಗುವ ತನಕ ಕದಲಿಸಬೇಡಿ ಎಂದಳು. ಅವನು ಒಬ್ಬನೇ ಪೇಟೆಗೆ ಓಡಿದ. ತನ್ನ ತಿನ್ನರನ್ನು ಡಬ್ಬಕ್ಕೆ ಸುರಿದು ಮುಚ್ಚಳ ಬಿಗಿದ. ಮತ್ತೆ ಶೆಡ್ಡಿನಿಂದ ಶೆಡ್ಡಿಗೆ ಹೋಗಿ, ಬಂಡೆಗೆ ಸುರಿಯಬೇಡಿ ಎಂದು ಕೈಮುಗಿದ.

“ಬಂಡೆ ತೋರಿಸಿದವನು ನೀನೇ. ಈಗ ಆರು ಹರಿದಾರಿ ಆಚೆ ನಿನ್ನ ಹೆಂಡತಿ ಕೆಮ್ಮಿದಳೆಂದು ನಮ್ಮ ಬಕೆಟ್ಟಿಗೆ ಅಡ್ಡ ನಿಲ್ಲುತ್ತೀಯಲ್ಲೋ ಮಾರಾಯಾ” ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು.

ಅಂದು ಮೋಡವಿರಲಿಲ್ಲ. ಅಂಗಳದಿಂದ ಅಂಗಳಕ್ಕೆ ಬಂಡೆಗಳು ಒದ್ದೆಯಾದವು, ಒಣಗಿದವು. ಗಾಳಿ ಮೂಡಲಿಗೆ ಬೀಸುತ್ತಿತ್ತು. ಅವನು ಗಡಿಯಾರ ನೋಡಿದ. ಅದು ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಈಗ ಅವನಿಗೆ ಗೊತ್ತಿತ್ತು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ತಾನು ಸುರಿಯುವುದನ್ನಂತೂ ಅವನು ಬಿಟ್ಟನಲ್ಲ ಗುರುಗಳೇ. ಆಕೆ ಉಳಿದಳೇ?”

“ಅದು ಅವನ ಕೈಯಲ್ಲಿರಲಿಲ್ಲ, ಅವನು ಕಲಿಸಿದವರ ಕೈಯಲ್ಲಿತ್ತು” ಎಂದರು ಗುರುಗಳು.